ನೀರು ಕುಡಿದು ಎಣ್ಣೆ ಕೊಟ್ಟ ಕಲ್ಲು

ಎಣ್ಣೆಬಾವಿ ಎಂದೊಡನೆ ಭೂಗರ್ಭದಲ್ಲಿ ಒಂದು ಎಣ್ಣೆಯ ಕೆರೆಯೇ ಇದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಲ್ಲಿರುವುದು ಕೆರೆಯಲ್ಲ, ಕಲ್ಲು. ಅದರ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಅದನ್ನು ಹೊರತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ನಾರ್ವೆ ದೇಶದ ಎಕೋಫಿಸ್ಕ್ ತೈಲಕ್ಷೇತ್ರದ ಇತಿಹಾಸ ಒಳ್ಳೆಯ ನಿದರ್ಶನ.

ಉತ್ತರ ಸಮುದ್ರದ ತಳದ ಕೆಳಗೆ, ಸುಮಾರು 3 ಕಿಲೋಮೀಟರ್ ಆಳದಲ್ಲಿ ಈ ನಿಕ್ಷೇಪ ಪತ್ತೆಯಾದದ್ದು 1969ರಲ್ಲಿ. 1971ರಲ್ಲಿ ಉತ್ಪಾದನೆ ಆರಂಭವಾಯಿತು. ಇಲ್ಲಿಯದು ಸೀಮೆಸುಣ್ಣದ ಕಲ್ಲು; ಕೋಟ್ಯಂತರ ವರ್ಷಗಳ ಹಿಂದಿನ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದ ಆದದ್ದು. ರಂಧ್ರಗಳು ಧಾರಾಳ, ಆದರೆ ಅತಿ ಕಿರಿದು. ಇರುವ ಎಣ್ಣೆಯಲ್ಲಿ ನೂರಕ್ಕೆ 17 ಪಾಲು ಮಾತ್ರ ಕೈಗೆ ಬಂದೀತೆಂಬುದು ಮೊದಲಿನ ಅಂದಾಜು.

ನೀರನ್ನು ಒಳನುಗ್ಗಿಸಿ ಎಣ್ಣೆಯನ್ನು ತಳ್ಳುವ ಉಪಾಯ ಹಳೆಯದೇ. ಆದರೆ ಈ ಕಲ್ಲಿನ ತುಂಬ ಬಿರುಕುಗಳು. ನೀರು ಬಿರುಕುಗಳ ಹಾದಿಯಲ್ಲೇ ಓಡಿಹೋಗಿ, ಎಣ್ಣೆ ಕಲ್ಲಿನೊಳಗೇ ಉಳಿದುಬಿಟ್ಟರೆ ಗತಿಯೇನು?

ಇಲ್ಲಿ ನೆರವಿಗೆ ಬಂದದ್ದು ಕೇಶಾಕರ್ಷಣೆ. ನಮ್ಮ ದೇವರ ಮನೆಯ ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವುದು ಇದರಿಂದಲೇ. ರಂಧ್ರ ಕಿರಿದಾದಷ್ಟೂ ಸೆಳೆತ ಹೆಚ್ಚು. ಎಣ್ಣೆಗಿಂತ ನೀರೇ ಹೆಚ್ಚಾಗಿ ಅಂಟಿಕೊಳ್ಳುವ ಕಲ್ಲಾದರೆ, ಅದು ಬಿರುಕಿನಲ್ಲಿ ಹರಿಯುವ ನೀರನ್ನು ತಾನಾಗಿಯೇ ಹೀರಿಕೊಂಡು ಎಣ್ಣೆಯನ್ನು ಹೊರದೂಡುತ್ತದೆ. ಆಗ ಬಿರುಕುಗಳು ಶತ್ರುಗಳಲ್ಲ, ಕಲ್ಲಿಗೆ ನೀರುಣಿಸುವ ಕಾಲುವೆಗಳು. ಎಣ್ಣೆ ತುಂಬಿದ ಕಲ್ಲಿನ ತುಂಡುಗಳನ್ನು ನೀರಿನಲ್ಲಿಟ್ಟು ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. 1981ರಲ್ಲಿ ಕ್ಷೇತ್ರದಲ್ಲೇ ಸಣ್ಣ ಪ್ರಯೋಗ ನಡೆಯಿತು. 1987ರಲ್ಲಿ ದೊಡ್ಡ ಪ್ರಮಾಣದಲ್ಲಿ ನೀರು ಹಾಯಿಸಲಾಯಿತು.

ಅಷ್ಟರಲ್ಲಿ ಇನ್ನೊಂದು ವಿಪತ್ತು ಬೆಳಕಿಗೆ ಬಂದಿತ್ತು. ಎಣ್ಣೆ, ಅನಿಲ ತೆಗೆದಂತೆ ಒಳಗಿನ ಒತ್ತಡ ತಗ್ಗಿ, ಕಲ್ಲು ಕುಗ್ಗಿ, ಸಮುದ್ರತಳವೇ ಕುಸಿಯುತ್ತಿರುವುದು 1984ರಲ್ಲಿ ತಿಳಿಯಿತು. 1987ರಲ್ಲಿ ಸಮುದ್ರದ ಮೇಲಿನ ಉಕ್ಕಿನ ಅಟ್ಟಣೆಗಳನ್ನು 6 ಮೀಟರ್ ಎತ್ತರಿಸಬೇಕಾಯಿತು. ನೀರು ತುಂಬಿದರೆ ಒತ್ತಡ ಉಳಿದು ಕುಸಿತವೂ ನಿಂತೀತೆಂದು ಯಾರಿಗಾದರೂ ತೋರುತ್ತದೆ. ಆದರೆ ನೀರು ಹೀರಿದ ಸೀಮೆಸುಣ್ಣ ಮೆತ್ತಗಾಗುತ್ತದೆ. ಒತ್ತಡ ಮರಳಿದ ಮೇಲೂ ಕುಸಿತ ಮುಂದುವರಿಯಿತು.

ಎಣ್ಣೆಯ ಮಟ್ಟಿಗೆ ಮಾತ್ರ ಕಲ್ಲು ಮಾತು ಉಳಿಸಿಕೊಂಡಿತು. ನೂರಕ್ಕೆ 17 ಎಂದಿದ್ದ ನಿರೀಕ್ಷೆ ಇಂದು 50ರ ಆಚೆಗೆ ಏರಿದೆ. ಪಂಪು ಬಿರುಕಿನವರೆಗೆ ಮಾತ್ರ ನೀರನ್ನು ಒಯ್ಯಬಲ್ಲದು. ಅಲ್ಲಿಂದಾಚೆಯ ಕೆಲಸ ಬಹುಮಟ್ಟಿಗೆ ಕಲ್ಲಿನ ಬಾಯಾರಿಕೆಯದೇ.