ಹೀರಿಕೆಯ ಹಕ್ಕು ಯಾರದು? 1991ರ ಇಂಗಾಲ ವಿವಾದದ ಮರುವಿಚಾರಣೆ

ಹವಾಮಾನ ಸಂಧಾನಗಳ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು 1991ರ ಒಂದು ಕಿರುಹೊತ್ತಗೆಯನ್ನು ಒಂದೇ ಸಾಲಿನಲ್ಲಿ ಸಾಗಹಾಕುತ್ತಾರೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದಿಂದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಹೊರತಂದ ‘ಗ್ಲೋಬಲ್ ವಾರ್ಮಿಂಗ್ ಇನ್ ಆ್ಯನ್ ಅನ್‌ಈಕ್ವಲ್ ವರ್ಲ್ಡ್’ ಎಂಬ ಆ ಪುಸ್ತಿಕೆಯ ಸಾರ ಇಷ್ಟೇ ಎಂಬುದು ಅವರ ತೀರ್ಮಾನ: ದೇಶವಾರು ಲೆಕ್ಕ ಬೇಡ, ತಲಾವಾರು ಲೆಕ್ಕ ಬೇಕು. ಈ ಓದು ತಪ್ಪು. ಆ ಪುಸ್ತಿಕೆ ಯಾವ ವರದಿಗೆ ಉತ್ತರವಾಗಿ ಹುಟ್ಟಿತೋ ಆ ವರದಿಯನ್ನೇ ತೆರೆದು ನೋಡದವರು ಮಾತ್ರ ಹೀಗೆ ಬರೆಯಬಲ್ಲರು.

ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಜೊತೆ ಸೇರಿ 1990ರಲ್ಲಿ ಹೊರತಂದ ವರದಿಯದು. 1987ರ ಅಂಕಿಗಳನ್ನು ಆಧರಿಸಿ ಅದು ಹಸಿರುಮನೆ ಅನಿಲಗಳಿಗೆ ಹೆಚ್ಚು ಹೊಣೆಯಾದ ಐದು ದೇಶಗಳನ್ನು ಹೆಸರಿಸಿತು: ಅಮೆರಿಕ, ಸೋವಿಯತ್ ಒಕ್ಕೂಟ, ಬ್ರೆಜಿಲ್, ಚೀನಾ, ಭಾರತ. ತಲಾವಾರು ಪಟ್ಟಿಯೂ ಅದೇ ವರದಿಯಲ್ಲಿತ್ತು. ಹಾಗಿದ್ದ ಮೇಲೆ ಜಗಳ ಬರೀ ತಲಾವಾರು ಲೆಕ್ಕದ್ದಾಗಲು ಹೇಗೆ ಸಾಧ್ಯ?

ಜಗಳವಿದ್ದದ್ದು ಪಟ್ಟಿಗಿಂತ ಒಂದು ಹೆಜ್ಜೆ ಹಿಂದೆ. ನಾವು ಹೊರಸೂಸುವ ಅನಿಲವೆಲ್ಲ ಗಾಳಿಯಲ್ಲಿ ಉಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡಿನ ಸುಮಾರು ಅರ್ಧವನ್ನು ಕಡಲು, ಕಾಡು, ಮಣ್ಣು ಹೀರಿಕೊಳ್ಳುತ್ತವೆ. ಮೀಥೇನಿನ ಬಹುಪಾಲು ವಾತಾವರಣದಲ್ಲೇ ನಾಶವಾಗುತ್ತದೆ. ಹೀಗೆ ಕಳೆದುಹೋಗುವ ಭಾಗವನ್ನು ಯಾವ ದೇಶದ ಖಾತೆಗೆ ಜಮಾ ಮಾಡಬೇಕು? ವಾಷಿಂಗ್ಟನ್ನಿನ ಸಂಸ್ಥೆ ಪ್ರತಿಯೊಂದು ದೇಶದ ಒಟ್ಟು ಹೊರಸೂಸುವಿಕೆಯನ್ನೂ ಒಂದೇ ಗುಣಕದಿಂದ ಇಳಿಸಿತು. ಎಂದರೆ ಹೆಚ್ಚು ಹೊಗೆಯುಗುಳಿದವನಿಗೆ ಕಡಲಿನ ಹೆಚ್ಚು ಪಾಲು ಸಿಕ್ಕಿತು.

ಇದರ ಪರಿಣಾಮವನ್ನು ಗೋಮಾಳದ ಲೆಕ್ಕದಲ್ಲಿ ನೋಡಬಹುದು. ಊರ ಗೋಮಾಳದ ಹುಲ್ಲು 50 ದನಗಳಿಗೆ ಸಾಕು. ಸಮಾನ ಜನರಿರುವ ಎರಡು ಮನೆಗಳಿವೆ. ಒಂದು ಮನೆಯ ದನ 80, ಇನ್ನೊಂದರದು 20. ಹುಲ್ಲನ್ನು ದನಗಳ ಸಂಖ್ಯೆಗೆ ತಕ್ಕಂತೆ ಹಂಚಿದರೆ ಮೊದಲ ಮನೆಗೆ 40 ದನಗಳ ಹುಲ್ಲು, ಎರಡನೆಯದಕ್ಕೆ 10. ಮೊದಲಿನವರ ಅತಿಮೇಯಿಕೆ 40 ಆದರೆ ಎರಡನೆಯವರದು 10. ಯಾರ ಪಾಲನ್ನೂ ಮುಟ್ಟದ ಸಣ್ಣ ಮನೆಯೂ ತಪ್ಪಿತಸ್ಥರ ಸಾಲಿಗೆ ಸೇರಿತು. ಜನರ ಸಂಖ್ಯೆಗೆ ತಕ್ಕಂತೆ ಹಂಚಿದರೆ ತಲಾ 25. ಆಗ ಸಣ್ಣ ಮನೆಯ ಲೆಕ್ಕ ಚುಕ್ತಾ, ಮೇಲೆ 5 ಉಳಿತಾಯ. ಅಗರ್ವಾಲ್ ಮತ್ತು ನಾರಾಯಣ್ ಮಾಡಿದ್ದು ಈ ಎರಡನೆಯ ಲೆಕ್ಕವನ್ನು. ಉಳಿತಾಯದ ಪಾಲನ್ನು ಮಿತಿ ಮೀರಿದವರಿಗೆ ಮಾರುವ ವ್ಯವಸ್ಥೆಯನ್ನೂ ಅವರೇ ಸೂಚಿಸಿದರು.  ಈ ಲೆಕ್ಕಕ್ಕೆ ಎದುರಾಳಿಯ ಹೊರಸೂಸುವಿಕೆಯ ಅಂಕಿಗಳನ್ನೇ ಬಳಸಿ ಹಂಚಿಕೆಯ ಸೂತ್ರವನ್ನು ಬದಲಿಸಿದರು. ಭಾರತದ ಮೇಲಿನ ಆರೋಪ ಬಹುತೇಕ ಕರಗಿಹೋಯಿತು.

ಮೊದಲ ವಿಧಾನದ ಪರವಾಗಿ ಒಂದು ಗಂಭೀರ ವಾದವಿದೆ: ಅಣುವಿಗೆ ಊರಿಲ್ಲ, ಎಲ್ಲಿಂದ ಹೊರಟರೂ ಅದು ಹೀರಲ್ಪಡುವ ಸಂಭವ ಒಂದೇ, ಆದ್ದರಿಂದ ಒಂದೇ ಗುಣಕವೇ ವೈಜ್ಞಾನಿಕ. ಭೌತವಿಜ್ಞಾನದ ಮಟ್ಟಿಗೆ ಇದು ನಿಜ. ಆದರೆ ಹೊಣೆ ಅಣುವಿನ ಗುಣವಲ್ಲ, ಜನರ ನಡುವಿನ ಸಂಬಂಧ. ಯಾರಿಗೂ ಸೇರದ ಕಡಲನ್ನು ಬಳಸುವ ಹಕ್ಕು ಎಷ್ಟೆಷ್ಟು ಎಂಬ ಪ್ರಶ್ನೆಗೆ ಯಾವ ಪ್ರಯೋಗಾಲಯವೂ ಉತ್ತರ ಕೊಡಲಾರದು. (ಅಗರ್ವಾಲ್ ಅವರನ್ನು ‘ಭಾವಾವೇಶದ ರಾಷ್ಟ್ರವಾದಿ’ ಎಂದು ತಳ್ಳಿಹಾಕುವವರು ಈ ಹಂತವನ್ನು ದಾಟಿ ವಾದಿಸಿದ್ದನ್ನು ನಾನು ಕಂಡಿಲ್ಲ. ಕೋಷ್ಟಕ ಮಾಡಿದವನ ಮೌಲ್ಯನಿರ್ಣಯ ಅವರಿಗೆ ವಿಜ್ಞಾನ, ಅದನ್ನು ಎತ್ತಿ ತೋರಿಸಿದವನದು ಆವೇಶ!)

ಇನ್ನೊಂದು ಆಕರವನ್ನು ಚರಿತ್ರಕಾರರು ಸಂಪೂರ್ಣ ಕಡೆಗಣಿಸಿದ್ದಾರೆ. ಅದು ಭತ್ತದ ಗದ್ದೆಯದು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಅದರ ಬಹುಪಾಲು ಪೈರಿನ ಕಾಂಡದ ಮೂಲಕ ಗಾಳಿಗೆ ಸೇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಗದ್ದೆಗಳಿಂದ ವರ್ಷಕ್ಕೆ 37.8 ದಶಲಕ್ಷ ಟನ್ ಮೀಥೇನ್ ಬರುತ್ತದೆಂದು ಅಂದಾಜಿಸಿತ್ತು. ಅಂದಾಜಿಗೆ ಆಧಾರ ಯುರೋಪ್ ಮತ್ತು ಅಮೆರಿಕದ ಗದ್ದೆಗಳಲ್ಲಿ ನಡೆದ ಅಳತೆ. ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಾಲಯದ ಎ. ಪಿ. ಮಿತ್ರ, ಡಿ. ಸಿ. ಪರಾಶರ್ ಮತ್ತು ಸಂಗಡಿಗರು 1991ರಲ್ಲಿ ದೇಶದ ನಾನಾ ಕಡೆ ಅಳತೆಗೆ ಇಳಿದರು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಆಗಾಗ ಸಿರಿಂಜಿನಿಂದ ಒಳಗಿನ ಗಾಳಿ ತೆಗೆದು, ಮೀಥೇನ್ ಎಷ್ಟು ಏರಿದೆಯೆಂದು ನೋಡುವ ಕೆಲಸವದು. ಬಂದ ಉತ್ತರ ಸುಮಾರು 4 ದಶಲಕ್ಷ ಟನ್. ಎಂದರೆ ಹಿಂದಿನ ಅಂದಾಜು ಒಂಬತ್ತು ಪಟ್ಟಿಗೂ ಮಿಕ್ಕಿ ಉಬ್ಬಿತ್ತು!

ವ್ಯತ್ಯಾಸಕ್ಕೆ ಮುಖ್ಯ ಕಾರಣ ನೀರು. ನಮ್ಮ ಎಲ್ಲ ಗದ್ದೆಗಳಲ್ಲೂ ನಾಟಿಯಿಂದ ಕೊಯ್ಲಿನವರೆಗೆ ನೀರು ನಿಲ್ಲುವುದಿಲ್ಲ. ಮಳೆಯನ್ನೇ ನಂಬಿದ ಗದ್ದೆ ನಡುನಡುವೆ ಆರುತ್ತದೆ. ಆರಿದಾಗ ಮಣ್ಣಿಗೆ ಗಾಳಿಯಾಡಿ ಮೀಥೇನ್ ನಿಲ್ಲುತ್ತದೆ. ದಕ್ಷಿಣ ಕನ್ನಡದ ರೈತ ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ವಿಂಗಡಿಸುವುದೂ ನೀರಿನ ನಿಲುವನ್ನು ನೋಡಿಯೇ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 1996ರ ಪರಿಷ್ಕೃತ ಮಾರ್ಗಸೂಚಿ ಇಂಥದೇ ವಿಂಗಡಣೆ ಮಾಡಿ, ಸದಾ ನೀರು ನಿಂತ ಗದ್ದೆಗೆ 1 ಎಂದರೆ ಒಮ್ಮೆ ಆರಿದ್ದಕ್ಕೆ 0.5, ಹಲವು ಬಾರಿ ಆರಿದ್ದಕ್ಕೆ 0.2, ನೀರು ನಿಲ್ಲದ ಗದ್ದೆಗೆ ಸೊನ್ನೆ ಎಂದು ಗುಣಕ ಕೊಟ್ಟಿತು.

ಈ ಎರಡು ಆಕರಗಳನ್ನು ಒಟ್ಟಿಗೆ ಓದಿದರೆ ನನ್ನ ವಾದ ಸ್ಪಷ್ಟವಾಗುತ್ತದೆ. ರಾಷ್ಟ್ರಗಳ ಹೊಣೆ ನಿರ್ಧಾರವಾಗಲು ಆರಂಭಿಸಿದ್ದು 1992ರ ರಿಯೊ ಸಭೆಯಲ್ಲಲ್ಲ, ಅದಕ್ಕೂ ಮೊದಲು ಕೋಷ್ಟಕಗಳ ಅಡಿಯಲ್ಲಿ. ಎಲ್ಲರಿಗೂ ಸೇರಿದ ಆದರೆ ಭಿನ್ನವಾದ ಹೊಣೆಗಾರಿಕೆ ಎಂಬ ತತ್ವವನ್ನು ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ 3ನೇ ವಿಧಿಗೆ ಸೇರಿಸಿದ್ದು ರಾಜತಾಂತ್ರಿಕರ ಸಾಧನೆ ನಿಜ. ಆದರೆ ಅಳೆಯುವ ಸಾಮರ್ಥ್ಯ ಒಂದೇ ಕಡೆ ಇರುವಾಗ ಸಹಕಾರವೆಂಬುದು ಒಬ್ಬರು ಬರೆದ ಲೆಕ್ಕಕ್ಕೆ ಉಳಿದವರು ಹಾಕುವ ಸಹಿ ಮಾತ್ರ.

ಅಗರ್ವಾಲ್–ನಾರಾಯಣರ ಪಕ್ಷದಲ್ಲಿ ನಿಂತೇ ಒಂದು ಮಾತು ಸೇರಿಸಬೇಕು. ಬಡವನ ಭತ್ತ, ದನಗಳ ಮೀಥೇನನ್ನೂ ಸಿರಿವಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಅವರು ವಾದಿಸಿದ್ದರು. ಈ ಭೇದ ದೇಶದ ಗಡಿಯಲ್ಲಿ ನಿಲ್ಲುವಂಥದ್ದಲ್ಲ. ಬೆಂಗಳೂರಿನ ಮೂರು ಕಾರಿನ ಮನೆ ರಾಯಚೂರಿನ ಕೂಲಿಯವನನ್ನೂ ಸೇರಿಸಿ ತೆಗೆದ ಸರಾಸರಿಯ ಮರೆಯಲ್ಲಿ ಅಡಗಿದರೆ, ಅದು ಆ ಪುಸ್ತಿಕೆಯ ತರ್ಕಕ್ಕೆ ಬಗೆದ ದ್ರೋಹ. ತಲಾವಾರು ಘೋಷಣೆಯನ್ನಷ್ಟೇ ಉಳಿಸಿಕೊಂಡು ಈ ಅರ್ಧವನ್ನು ಬಿಟ್ಟುಬಿಡುವುದು ನಮ್ಮ ಅಧಿಕೃತ ವಾದಗಳಿಗೆ ಅಭ್ಯಾಸವಾಗಿದೆ.

ಪುಸ್ತಿಕೆಯನ್ನು ಸರಿಯಾಗಿ ಓದುವ ತುರ್ತು ಇಂದಿಗೂ ಇದೆ. 2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ನಿಗದಿ ಮಾಡಿಕೊಂಡು ಲೆಕ್ಕ ಒಪ್ಪಿಸುತ್ತದೆ. ತಾನು ‘ನಿರ್ವಹಿಸುವ’ ಕಾಡು ಹೀರಿದ ಇಂಗಾಲವನ್ನೆಲ್ಲ ಆಯಾ ದೇಶ ತನ್ನ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ. ಈ ರೂಢಿಯಿಂದಾಗಿ ದೇಶಗಳ ಲೆಕ್ಕಕ್ಕೂ ಜಾಗತಿಕ ಮಾದರಿಗಳ ಲೆಕ್ಕಕ್ಕೂ ನಡುವೆ ವರ್ಷಕ್ಕೆ ಹಲವು ಶತಕೋಟಿ ಟನ್ನುಗಳ ಅಂತರವಿದೆ. ಹೀರಿಕೆ ಯಾರ ಪಾಲು ಎಂಬ 1991ರ ಪ್ರಶ್ನೆ ಹೀಗೆ ಹೊಸ ವೇಷದಲ್ಲಿ ಮರಳಿದೆ. ಆ ಪುಸ್ತಿಕೆಯನ್ನು ತಲಾವಾರು ಬೇಡಿಕೆಯೆಂದಷ್ಟೇ ಓದಿದವರ ಬಳಿ ಇದಕ್ಕೆ ಉತ್ತರವಿಲ್ಲ. ಹಂಚಿಕೆಯ ಸೂತ್ರ ಪ್ರಶ್ನಿಸುವುದನ್ನೂ ತಮ್ಮ ನೆಲವನ್ನು ತಾವೇ ಅಳೆಯುವುದನ್ನೂ ಒಂದೇ ಕೆಲಸದ ಎರಡು ಭಾಗಗಳೆಂದು ಕಲಿತವರು ಮಾತ್ರ ಮುಂದಿನ ಸಂಧಾನದಲ್ಲಿ ಬಡ ದೇಶಗಳ ಪರ ನಿಲ್ಲಬಲ್ಲರು, ತಮ್ಮ ದೇಶದ ಸಿರಿವಂತರನ್ನೂ ಲೆಕ್ಕ ಕೇಳಬಲ್ಲರು.