ಕಿಲ್ಲಾರಿಯ ಗೋಡೆಗಳು, ಕಚ್ಛದ ಮೂಟೆಗಳು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಗಡಿಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಕಂಪನದ ಪ್ರಮಾಣ 6.2, ಮಡಿದವರು ಸುಮಾರು ಹತ್ತು ಸಾವಿರ. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಅದರ ಮೇಲೆ ಭಾರವಾದ ಮಣ್ಣಿನ ಮಾಳಿಗೆ: ಮಲಗಿದ್ದವರನ್ನು ಕೊಂದದ್ದು ಅವರದೇ ಮನೆ. ಮಾಳಿಗೆಮನೆಯೆಂದರೆ ಬಬ್ಬೂರು, ಹಿರಿಯೂರು ಸೀಮೆಯ ನಿಮಗೆ ವಿವರಿಸಬೇಕಾಗಿಲ್ಲ.

2001ರ ಜನವರಿ 26ರಂದು ಗುಜರಾತಿನ ಕಚ್ಛ ನಡುಗಿದಾಗ ದೇಶದ ಮೂಲೆಮೂಲೆಯಿಂದ ನೆರವು ಹರಿಯಿತು. ಅದರೊಡನೆ ಹೋದ ಹಳೆಯ ಬಟ್ಟೆಯ ಮೂಟೆಗಳು ಉಡುವವರಿಲ್ಲದೆ ರಸ್ತೆಬದಿಯಲ್ಲಿ ರಾಶಿ ಬಿದ್ದವು. ಕೊಟ್ಟವರ ಮನಸ್ಸು ಸಣ್ಣದೆನ್ನಲಾರೆ. ಆದರೆ ಲಾರಿಯ ಬಾಡಿಗೆಗೂ ಮೂಟೆ ಬಿಚ್ಚಿ ವಿಂಗಡಿಸುವ ದುಡಿಮೆಗೂ ಬೆಲೆಯುಂಟಲ್ಲವೇ? ಅದೇ ಹಣವನ್ನು ಸರ್ಕಾರದ ಪರಿಹಾರ ನಿಧಿಗೋ, ಧರ್ಮಕೇಂದ್ರದ ಮೂಲಕ ಕಾರಿತಾಸ್ ಇಂಡಿಯಾಕ್ಕೋ ಸಲ್ಲಿಸಿದರೆ, ಟಾರ್ಪಾಲು, ತಗಡು, ಔಷಧಿ, ಯಾವುದು ಬೇಕೋ ಅದನ್ನು ಸಮೀಪದ ಪೇಟೆಯಲ್ಲೇ ಕೊಳ್ಳಬಹುದು.

ಜೆರುಸಲೇಮಿನ ಬಡವರಿಗಾಗಿ ಸಂತ ಪೌಲರು ಕೊರಿಂಥದವರಲ್ಲಿ ಬೇಡಿದ್ದು ಒಂದು ದಿನದ ಕಾಣಿಕೆಯನ್ನಲ್ಲ. ವಾರವಾರವೂ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಿರೆಂದರು. ಭೂಕಂಪಪೀಡಿತರಿಗೂ ಬೇಕಾದುದು ಅಂತಹ ನೆರವೇ. ಲಾತೂರಿನಲ್ಲಿ ಮನೆಗಳ ಮರುನಿರ್ಮಾಣ ಹಲವು ವರ್ಷ ಹಿಡಿಯಿತು. ಪತ್ರಿಕೆಗಳ ಮುಖಪುಟದಿಂದ ಆ ಸುದ್ದಿ ಅದಕ್ಕೆ ಬಹಳ ಮುಂಚೆಯೇ ಮರೆಯಾಗಿತ್ತು.