ಹಿಂದಿನ ಓಣಿ, ಮುಂದಿನ ಬಾಗಿಲು

ಅವ್ವನಿಗೊಂದು ಕೋಣೆ, ನನಗೂ ಪುಸ್ತಕಗಳಿಗೂ ಒಂದು ಕೋಣೆ. ಇಷ್ಟೇ ಲೆಕ್ಕ ಇಟ್ಟುಕೊಂಡು ಹೋದ ವರ್ಷ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ 'ಟು ಲೆಟ್' ಬೋರ್ಡು ನೋಡುತ್ತ ತಿರುಗಿದೆ. ಹತ್ತು ತಿಂಗಳ ಅಡ್ವಾನ್ಸ್ ಅಂದರು, ಹೂಂ ಅಂದೆ. ನೀರು ದಿನ ಬಿಟ್ಟು ದಿನ ಅಂದರು, ಅದಕ್ಕೂ ಹೂಂ. "ಪ್ಯೂರ್ ವೆಜ್ ತಾನೇ?" ಅಂದಾಗ "ಮನೇಲಿ ಮಾಡಲ್ಲ ಬಿಡಿ ಸಾರ್" ಎಂದುಬಿಟ್ಟೆ. ಹಾಗೆ ಒಪ್ಪಿಕೊಂಡ ನಾಚಿಕೆಯನ್ನು ಇನ್ನೊಮ್ಮೆ ಬರೆಯಬೇಕು. ಕೊನೆಗೆ ಬಂತು: "ನೀವು ಯಾವ ಪೈಕಿ?" ಹೇಳಿದೆ. "ಮಗ ಅಮೆರಿಕಾದಲ್ಲಿದಾನೆ, ಅವನನ್ನ ಒಂದು ಮಾತು ಕೇಳಿ ಹೇಳ್ತೀನಿ" ಅಂದರು. ಆ ಮಗ ಇನ್ನೂ ಫೋನು ಎತ್ತಿಲ್ಲ.

ಆ ಯಜಮಾನರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಅವರು ಹುಟ್ಟುವ ಮೊದಲೇ ಆ ಪ್ರಶ್ನೆ ಬಡಾವಣೆಯ ನಕ್ಷೆಯಲ್ಲಿತ್ತು. ಮಲ್ಲೇಶ್ವರ, ಬಸವನಗುಡಿಗಳು ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಜನರನ್ನು ಅತ್ತ ತಳ್ಳಿತು. ನೇರ ರಸ್ತೆ, ಗಾಳಿ ಬೆಳಕು, ಉದ್ಯಾನ, ಎಲ್ಲವೂ ಆಧುನಿಕವೇ. ಅದೇ ಆಧುನಿಕ ನಕ್ಷೆ ನಿವೇಶನಗಳನ್ನು ಜಾತಿ-ಮತಗಳ ಪ್ರಕಾರ ವಿಂಗಡಿಸಿತ್ತೆಂಬುದನ್ನು ನಗರದ ಚರಿತ್ರಕಾರರು ದಾಖಲಿಸಿದ್ದಾರೆ. ನಮ್ಮ ವಿಮರ್ಶೆಯೋ ಊರು-ಕೇರಿಯ ಗೆರೆಯನ್ನು ಹಳ್ಳಿಯಲ್ಲೇ ಹುಡುಕುತ್ತ ಬಂದಿದೆ. ನಗರಕ್ಕೆ ಬಂದರೆ ಜಾತಿ ಕರಗುತ್ತದೆಂಬ ನಂಬಿಕೆ ನಮ್ಮವರಲ್ಲೂ ಗಟ್ಟಿಯಾಗಿದೆ.

ಹಾಗಂತ ಆ ನಕ್ಷೆಯಲ್ಲಿ ನಮ್ಮವರಿಗೆ ಜಾಗವೇ ಇರಲಿಲ್ಲವೆಂದಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮನೆಸಾಲುಗಳ ನಡುವೆ ಕಿರಿದಾದ ಓಣಿಗಳಿವೆ, ಕನ್ಸರ್ವೆನ್ಸಿ ಲೇನ್. ಮುಂದೆ ರಂಗೋಲಿ, ಹಿಂದೆ ಕಕ್ಕಸು. ಮಲದ ಬಕೆಟ್ಟು ಎತ್ತಲು ಬರುವವರು ಮುಂದಿನ ಬೀದಿಯ ಕಣ್ಣಿಗೆ ಬೀಳಬಾರದು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಹಿಂದಿನ ಓಣಿಯ ಕೆಲಸ ನಿಂತಿತು. ಮುಂದಿನ ಬಾಗಿಲು ತೆರೆಯಿತೇ?

ಬಾಡಿಗೆ ಮನೆಯ ಚರಿತ್ರೆ ಬರೆಯುವವರು 1917ರ ಬರೋಡಾದಿಂದ ಶುರುಮಾಡಬೇಕು. ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಲ್ಲಿ ತಲೆ ಮರೆಸಿಕೊಳ್ಳಲು ಸೂರಿರಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಇದ್ದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ಬಂದರು, ಸಂಜೆಯೊಳಗೆ ಖಾಲಿಮಾಡು ಅಂದರು. ಇಬ್ಬರು ಗೆಳೆಯರನ್ನು ಕೇಳಿದರು. ನೀನು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಅಂದ ಹಿಂದೂ ಗೆಳೆಯ. ಕ್ರೈಸ್ತ ಗೆಳೆಯನ ಹೆಂಡತಿ ನಾಳೆ ಬರುವವಳಿದ್ದಳು, ಅವಳನ್ನು ಕೇಳಬೇಕಿತ್ತು. ರಾತ್ರಿ ರೈಲಿನವರೆಗೆ ಪಾರ್ಕಿನಲ್ಲಿ ಕೂತರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಹಿಂದೆ ಓದಿದಾಗ ನನ್ನನ್ನು ಕಾಡಿದ್ದು ದೊಣ್ಣೆ. ಈಗ ಕಾಡುವುದು ಆ ಹೆಂಡತಿಯನ್ನು ಕೇಳುವ ಮಾತು.

ಕಾನೂನು ಇಲ್ಲವೇ ಎಂದರೆ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾದದ್ದು, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದು ಅಪರಾಧ ಎನ್ನುತ್ತದೆ. ಆದರೆ 'ಅಸ್ಪೃಶ್ಯತೆಯ ಕಾರಣದಿಂದ' ಅಂತ ಯಾವ ಮಾಲೀಕ ಬಾಯಿಬಿಟ್ಟಾನು? ಅವನಿಗೆ ವೆಜ್ ಇದೆ, ಪೂಜಾಕೋಣೆ ಇದೆ, ಅಮೆರಿಕಾದ ಮಗನಿದ್ದಾನೆ. ಇತ್ತ 2005ರಲ್ಲಿ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಗುಜರಾತಿನ ಗೃಹ ಸಹಕಾರ ಸಂಘವೊಂದರ ಉಪನಿಯಮವನ್ನು ಎತ್ತಿಹಿಡಿಯಿತು. ಸಣ್ಣ ಸಮುದಾಯ ತನ್ನ ಅನನ್ಯತೆ ಉಳಿಸಿಕೊಳ್ಳುವ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸಂಘ ಕಟ್ಟುವ ಸ್ವಾತಂತ್ರ್ಯವೆಂಬ ಅದೇ ತರ್ಕ ಬಲಿಷ್ಠ ಜಾತಿಗಳ ಅಪಾರ್ಟ್‌ಮೆಂಟಿಗೆ ಬಂದಾಗ ಏನಾಗುತ್ತದೆ?

ನಮಗೆ ಮನೆ ಸಿಕ್ಕಿದ್ದು ರೈಲುಹಳಿಯಾಚೆ, ಶ್ರೀರಾಮಪುರದಲ್ಲಿ. ಒಂದೇ ಬೆಡ್‌ರೂಮು. ಮಲ್ಲೇಶ್ವರದ ಕೆಲವು ಓಣಿಗಳನ್ನು ಈಚೆಗೆ ಶುಚಿಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡುವ ದಾರಿ ಮಾಡಿದ್ದಾರೆ. ಅವ್ವನನ್ನು ಒಂದು ಭಾನುವಾರ ಕರೆದುಕೊಂಡು ಹೋದೆ. ಅವಳು ಚಿತ್ರ ನೋಡಲಿಲ್ಲ. ಗೋಡೆಯ ಬುಡದಲ್ಲಿ ಇಟ್ಟಿಗೆಯಿಂದ ಮುಚ್ಚಿದ ಒಂದು ಸಣ್ಣ ಕಿಂಡಿ ತೋರಿಸಿ, "ಇಲ್ಲಿಂದಾನೇ ಎಳೀತಿದ್ರಾ ಬಕೀಟು?" ಅಂತ ಕೇಳಿದಳು.